ಹ್ಯಾಂಡ್‌ಬ್ರೇಕ್ ಎಲ್ಲಿ ಅದ, ತಮ್ಮಾ?

ಕಾರು ಮನೆಗೆ ಬಂದು ನಾಲ್ಕು ದಿನ ಆಗಿತ್ತು. ರಾತ್ರಿ ಹತ್ತರ ಸುಮಾರಿಗೆ ಹುಮನಾಬಾದ್‌ನಿಂದ ವಾಪಸ್ ಬಂದೆ. ಕಲಬುರಗಿ ಊರೊಳಗಿನ ಗದ್ದಲದಲ್ಲಿ ಬ್ರೇಕ್ ಒತ್ತಿ ಒತ್ತಿ ಸಾಕಾಗಿತ್ತು. ಓಣಿಯಲ್ಲಿ ಗಾಡಿ ನಿಲ್ಲಿಸಿ, ಲಾಕ್ ಮಾಡಿ, ಕೈಕಾಲು ತೊಳೆದು ತಾಟಿನ ಮುಂದೆ ಕೂತಿದ್ದೆ ಅಷ್ಟೇ. ಹೊರಗೆ ಕಟ್ಟೆಯ ಮೇಲಿದ್ದ ಅವ್ವ ದಡಬಡ ಒಳಗೆ ಬಂದಳು.

"ತಮ್ಮಾ, ನಿನ್ನ ಗಾಡ್ಯಾಗ ಯಾರೋ ಅದಾರ ನೋಡು."

"ಯಾರಿರ್ತಾರವ್ವ? ಲಾಕ್ ಮಾಡಿ ಬಂದೀನಿ."

"ಝುಯ್ ಅಂತ ಸಪ್ಪಳ ಆತು. ನಾ ಈಗೇ ಕೇಳೀನಿ."

ಟಾರ್ಚ್ ಹಿಡಿದು ಹೋದೆ. ಯಾರೂ ಇರಲಿಲ್ಲ. ಎಂಜಿನ್‌ನ ಬಿಸಿಗೆ ಅಂತ ಬಾನೆಟ್ ಮೇಲೆ ಒಂದು ಬೆಕ್ಕು ಮಲಗಿತ್ತು, ಅದೂ ಎದ್ದು ಹೋಯಿತು. ಒಳಗೆ ಬಂದಾಗ ಅಪ್ಪ ಮಂಚದ ಮೇಲಿಂದಲೇ "ಗಾಳಿ ಬಿಟ್ಟಿರಬೇಕು" ಅಂದು ಮಗ್ಗಲು ಬದಲಿಸಿದ. ನನಗೆ ನಗು ಬಂತು. ಗಾಳಿ ಬ್ರೇಕ್ ಇರುವುದು ಬಸ್ಸಿಗೆ, ಲಾರಿಗೆ. ಕಾರಿಗೆ ಎಲ್ಲಿಯ ಗಾಳಿ? ಆದರೆ ಅದು ಬ್ರೇಕಿನದೇ ಸಪ್ಪಳ ಅನ್ನುವುದನ್ನು ಅಪ್ಪ ನಿದ್ದೆಗಣ್ಣಲ್ಲೇ ಹೇಳಿಬಿಟ್ಟಿದ್ದ. ನನಗೆ ಅದು ತಿಳಿಯಲು ಆಮೇಲೆ ಕಾರಿನ ಪುಸ್ತಕ ಓದಬೇಕಾಯಿತು.

ಅಪ್ಪ ಬಸ್ ಡ್ರೈವರ್ ಆಗಿದ್ದ. ಸೇರುವಾಗ ಅದು ಕೆಎಸ್‌ಆರ್‌ಟಿಸಿ. 2000ದಲ್ಲಿ ಒಡೆದು ನಮ್ಮ ಕಡೆಯದು ಈಶಾನ್ಯ ಸಾರಿಗೆ ಆಯಿತು. ಅವನು ರಿಟೈರ್ ಆದಮೇಲೆ, 2021ರಲ್ಲಿ, ಅದು ಕಲ್ಯಾಣ ಕರ್ನಾಟಕ ಸಾರಿಗೆ ಆಯಿತು. ಬೀದರ್, ಹೈದರಾಬಾದ್, ಸೋಲಾಪುರ ಅಂತ ಜನ್ಮ ಎಲ್ಲ ಸ್ಟಿಯರಿಂಗ್ ಹಿಡಿದವನು. ಹಾಗಾಗಿ ಕಾರು ತೆಗೆದುಕೊಳ್ಳಲು ಹೋದಾಗ ಅವನನ್ನೇ ಮೊದಲು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಕೂತವನು ಕನ್ನಡಿ ನೋಡಿದ, ಕ್ಲಚ್ ಒತ್ತಿದ. ಎಡಗೈ ತಾನಾಗಿ ಸೀಟಿನ ಪಕ್ಕ ಇಳಿಯಿತು. ಅಲ್ಲಿ ನೀರಿನ ಬಾಟಲಿ ಇಡುವ ಗುಣಿ ಇತ್ತು. ಕೈ ಅದರೊಳಗೆ ಹೋಗಿ, ತಡಕಾಡಿ, ಖಾಲಿ ಹೊರಗೆ ಬಂತು.

"ಹ್ಯಾಂಡ್‌ಬ್ರೇಕ್ ಎಲ್ಲಿ ಅದ, ತಮ್ಮಾ?"

ಗೇರಿನ ಹಿಂದೆ ಒಂದು ಸಣ್ಣ ಸ್ವಿಚ್ ತೋರಿಸಿದೆ, ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕಿನದು. ಬೆರಳಿನ ಎರಡು ಗೆಣ್ಣಿನಷ್ಟು ಉದ್ದ. ಮೇಲೆ ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರ. ಮೇಲಕ್ಕೆ ಎಳೆದರೆ ಬ್ರೇಕ್ ಹಿಡಿಯುತ್ತದೆ. ಇಗ್ನಿಷನ್ ಆನ್ ಇಟ್ಟು, ಕಾಲಿನ ಬ್ರೇಕ್ ತುಳಿದು, ಕೆಳಕ್ಕೆ ಒತ್ತಿದರೆ ಬಿಡುತ್ತದೆ. ಶೋರೂಮಿನ ಹುಡುಗ ಹುಮ್ಮಸ್ಸಿನಿಂದ "ಅಂಕಲ್, ಒಂದೇ ಬೆರಳು ಸಾಕ್ರಿ" ಅಂದ.

ಅಪ್ಪ ಒಂದು ಸಲ ಎಳೆದ, ಒಂದು ಸಲ ಒತ್ತಿದ. ಆಮೇಲೆ ಅಂದ: "ಬೆರಳಿಗೆ ಏನ್ ತಿಳೀತದ?"

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನನ್ನ ಹಳೆಯ ಕಾರು ಹನ್ನೆರಡು ವರ್ಷದ್ದು. ಅದರ ಲಿವರ್ ಎಳೆದರೆ ಕಟ್, ಕಟ್, ಕಟ್ ಅಂತ ಹಲ್ಲು ಎಣಿಸುತ್ತಿತ್ತು. ಹೊಸದರಲ್ಲಿ ಐದನೇ ಕಟ್‌ಗೆ ಬಿಗಿಯಾಗುತ್ತಿತ್ತು. ವರ್ಷ ಕಳೆದಂತೆ ಆರು, ಏಳು, ಒಂಬತ್ತು. ಲಿವರ್‌ನಿಂದ ಹಿಂದಿನ ಗಾಲಿಗಳಿಗೆ ಒಂದು ಉಕ್ಕಿನ ಕೇಬಲ್, ಸೈಕಲ್ ಬ್ರೇಕಿನ ಹಾಗೆ. ಕೇಬಲ್ ಜಗ್ಗಿದರೂ ಒಳಗಿನ ಪಟ್ಟಿ ಸವೆದರೂ ಮೊದಲು ತಿಳಿಯುತ್ತಿದ್ದುದು ಅಂಗೈಗೆ. ಲೈಟ್ ಬೇಡ, ಕಂಪ್ಯೂಟರ್ ಬೇಡ. ಲಿವರ್ ಮೇಲಿದೆಯೋ ಕೆಳಗಿದೆಯೋ ಅಂತ ಹೊರಗೆ ನಿಂತು ಕಿಟಕಿಯಿಂದ ಇಣುಕಿದರೂ ಸಾಕು.

ಹಾಗಂತ ಹಳೆಯದನ್ನು ಹಾಡಿ ಹೊಗಳಲು ಮನಸ್ಸು ಬರುವುದಿಲ್ಲ. ಅದೇ ಕಾರು ಒಮ್ಮೆ ನೆಹರು ಗಂಜ್‌ನಲ್ಲಿ, ಲಿವರ್ ಮೇಲೆ ಎಳೆದಿದ್ದರೂ, ತಾನೇ ನಿಧಾನಕ್ಕೆ ಉರುಳಿ ತೊಗರಿ ಚೀಲ ಹೇರಿದ್ದ ತಳ್ಳುಗಾಡಿಗೆ ಹೋಗಿ ಒರಗಿತ್ತು. ಯಾರಿಗೂ ಏನೂ ಆಗಲಿಲ್ಲ. ಹಮಾಲರು ನಕ್ಕರು. ಕೇಬಲ್ ಸಡಿಲ ಆಗಿದೆ ಅಂತ ಅಂಗೈ ಎಷ್ಟು ದಿನದಿಂದ ಹೇಳುತ್ತಿತ್ತು, ನಾನು ಕೇಳಿರಲಿಲ್ಲ ಅಷ್ಟೇ.

ನಮ್ಮ ಊರಿನ ನೆಲವೂ ಇದಕ್ಕೆ ಕಾರಣ ಅನಿಸುತ್ತದೆ. ಕಲಬುರಗಿ ಸಪಾಟು ಊರು. ಕರಿಮಣ್ಣಿನ ಬಯಲು. ರೈಲ್ವೆ ಮೇಲ್ಸೇತುವೆ ಬಿಟ್ಟರೆ ಏರು ಅನ್ನುವಂಥದ್ದು ಕಡಿಮೆ. ಇಲ್ಲಿ ಎಷ್ಟೋ ಜನ ಹ್ಯಾಂಡ್‌ಬ್ರೇಕ್ ಮುಟ್ಟುವುದೇ ಇಲ್ಲ. ಗೇರಿನಲ್ಲಿ ನಿಲ್ಲಿಸಿ ಇಳಿದು ಹೋಗುತ್ತಾರೆ. ಜಾಸ್ತಿ ಅನುಮಾನ ಬಂದರೆ ಗಾಲಿಗೆ ಒಂದು ಕಲ್ಲು ಹಚ್ಚುತ್ತಾರೆ. ಶಹಾಬಾದ್ ಹತ್ತಿರ ಇರುವಾಗ ಕಲ್ಲಿಗೆ ಏನು ಬರ? ಮನೆಯ ನೆಲಕ್ಕೆ ಹಾಸಿ ಉಳಿದ ಫರಸಿ ತುಂಡು ಎಲ್ಲರ ಹಿತ್ತಲಲ್ಲೂ ಬಿದ್ದಿರುತ್ತದೆ. ನಮ್ಮ ಹಳೆಯ ಕಾರಿನ ಡಿಕ್ಕಿಯಲ್ಲಿ ಅಂಥ ಎರಡು ತುಂಡು ಇದ್ದವು. ಹೊಸ ಕಾರಿಗೆ ಪೂಜೆ ಆದ ಸಂಜೆಯೇ ಅಪ್ಪ ಅವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಹೊಸ ಡಿಕ್ಕಿಗೆ ಸಾಗಿಸಿದ್ದ. ನಾನು ಮುಖ ಕಿವುಚಿದೆ. ಲಕ್ಷಗಟ್ಟಲೆ ಕೊಟ್ಟು ತಂದ ಗಾಡಿಯಲ್ಲಿ ಕಲ್ಲು!

ಸರಿ, ಆ ಝುಯ್ ಸಪ್ಪಳಕ್ಕೆ ಬರುತ್ತೇನೆ.

ನನ್ನ ಕಾರಿನಲ್ಲಿ ಕೇಬಲ್ ಇಲ್ಲ. ಹಿಂದಿನ ಎರಡೂ ಗಾಲಿಗಳ ಡಿಸ್ಕ್ ಬ್ರೇಕಿನ ಬೆನ್ನಿಗೆ ಒಂದೊಂದು ಸಣ್ಣ ಮೋಟಾರ್ ಕೂತಿದೆ. ಸ್ವಿಚ್ ಎಳೆದಾಗ ಮೋಟಾರ್ ತಿರುಗುತ್ತದೆ, ಅದು ಹಲ್ಲಿನ ಚಕ್ರಗಳ ಮೂಲಕ ಒಂದು ಸ್ಕ್ರೂ ತಿರುಗಿಸುತ್ತದೆ, ಸ್ಕ್ರೂ ಪಿಸ್ಟನ್ನನ್ನು ಮುಂದಕ್ಕೆ ತಳ್ಳಿ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುತ್ತದೆ. ಒತ್ತಡ ಏರಿದಂತೆ ಮೋಟಾರ್ ಎಳೆಯುವ ಕರೆಂಟ್ ಜಾಸ್ತಿ ಆಗುತ್ತದೆ. ಅದನ್ನು ನೋಡಿಕೊಂಡೇ ಕಂಪ್ಯೂಟರ್ 'ಸಾಕು' ಅಂತ ಮೋಟಾರ್ ನಿಲ್ಲಿಸುತ್ತದೆ. ಹಾಗೆ ನಿಂತಮೇಲೆ ಕರೆಂಟ್ ಬೇಡವೇ ಬೇಡ. ಲಾರಿಯವರ ಸ್ಕ್ರೂ ಜಾಕ್ ನೋಡಿದ್ದೀರಲ್ಲ? ಎತ್ತಿದ ಮೇಲೆ ಕೈಬಿಟ್ಟರೂ ತಾನಾಗಿ ಇಳಿಯುವುದಿಲ್ಲ. ಅದೇ ತತ್ವ. ಕೆಲವು ಕಾರುಗಳಲ್ಲಿ ಹಳೆಯ ಕೇಬಲ್ಲೇ ಇರುತ್ತದೆ, ಅದನ್ನು ಕೈ ಬದಲು ಒಂದು ಮೋಟಾರ್ ಎಳೆಯುತ್ತದೆ.

ಇದೇನು ನಿನ್ನೆ ಮೊನ್ನೆಯ ಹೊಸ ಸಾಮಾನಲ್ಲ. ಬಿಎಂಡಬ್ಲ್ಯು ಕಂಪನಿ 2001ರಲ್ಲೇ ತನ್ನ 7 ಸೀರೀಸ್ ಕಾರಿನಲ್ಲಿ ಲಿವರ್ ತೆಗೆದು ಗುಂಡಿ ಇಟ್ಟಿತ್ತು. ನಮ್ಮ ಓಣಿಗೆ ಬರಲು ಇಪ್ಪತ್ತು ವರ್ಷದ ಮೇಲೆ ಹಿಡಿಯಿತು.

ಇನ್ನು ಆ ರಾತ್ರಿಯ ವಿಷಯ. ಊರೊಳಗೆ ಬ್ರೇಕ್ ಹಾಕಿ ಹಾಕಿ ಡಿಸ್ಕ್ ಕಾದಿತ್ತು. ಕಾದ ಕಬ್ಬಿಣ ಹಿಗ್ಗಿರುತ್ತದೆ. ನಿಲ್ಲಿಸಿದ ಮೇಲೆ ಆರುತ್ತಾ ಕುಗ್ಗುತ್ತದೆ, ಹಿಡಿತ ಸ್ವಲ್ಪ ಸಡಿಲ ಆಗುತ್ತದೆ. ಅದಕ್ಕೇ ಕೆಲವು ಕಾರುಗಳಲ್ಲಿ, ನಿಲ್ಲಿಸಿ ಹೋದ ಕೆಲವು ನಿಮಿಷದ ಮೇಲೆ ಮೋಟಾರ್ ತಾನೇ ಎದ್ದು ಇನ್ನೊಮ್ಮೆ ಬಿಗಿ ಮಾಡಿ ಮಲಗುತ್ತದೆ. ಅವ್ವನಿಗೆ ಹೇಳಿದೆ. "ಅಂದ್ರ ನಾವ್ ಮಲಗಿದ್ರೂ ಅದು ಎದ್ದಿರ್ತದ" ಅಂದಳು. ಆಮೇಲೆ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು.

ಅಪ್ಪನಿಗೆ ಈ ವಿವರಣೆ ಹೇಳುವಾಗ ಅವನು ಬೆರಗಾಗಲಿ ಅಂತ ನನಗೆ ಆಸೆ. ಅವನು ಆಗಲಿಲ್ಲ. "ಬಸ್ಸಿನಾಗ ಸ್ಪ್ರಿಂಗ್ ಇರ್ತದ, ಇಲ್ಲಿ ಸ್ಕ್ರೂ ಅದ" ಅಂದ. ಕೇಳಿದ ಮೇಲೆ ಬೆರಗಾದವನು ನಾನು. ಗಾಳಿ ಬ್ರೇಕಿನ ಬಸ್ಸಿನಲ್ಲೂ ಉದ್ದನೆಯ ಲಿವರ್ ಇಲ್ಲ. ಡ್ರೈವರ್ ಕೈಗೆ ಸಿಗುವಲ್ಲಿ ಒಂದು ಸಣ್ಣ ಹಿಡಿ ಇರುತ್ತದೆ ಅಷ್ಟೇ. ಹಿಂದಿನ ಗಾಲಿಯ ಬಳಿ ಡಬ್ಬಿಯೊಳಗೆ ದಪ್ಪ ಸ್ಪ್ರಿಂಗ್. ಬ್ರೇಕ್ ಹಿಡಿಯುವುದು ಆ ಸ್ಪ್ರಿಂಗ್. ಗಾಳಿಯ ಕೆಲಸ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಿ ಬ್ರೇಕ್ ಬಿಡಿಸುವುದು. ಹಿಡಿ ತಿರುಗಿಸಿದರೆ ಪಿಸ್ ಅಂತ ಗಾಳಿ ಹೊರಗೆ, ಬ್ರೇಕ್ ಗಪ್ಪನೆ ಒಳಗೆ.

ಬೆಳಿಗ್ಗೆ ಐದರ ಬಸ್ಸು ಹತ್ತಿದವರಿಗೆ ಗೊತ್ತು. ಸ್ಟ್ಯಾಂಡಿನಲ್ಲಿ ಬಸ್ಸು ಗುರ್ ಅಂತ ಅರಚುತ್ತಾ ನಿಂತೇ ಇರುತ್ತದೆ. ಜನ "ಯಾಕ್ರಿ ಬಿಡವಲ್ರಿ" ಅಂತ ಗೊಣಗುತ್ತಾರೆ. ರಾತ್ರಿ ಸೋರಿಹೋದ ಗಾಳಿ ತುಂಬಬೇಕು, ಮೀಟರಿನ ಮುಳ್ಳು ಏರಬೇಕು, ಆಮೇಲೆಯೇ ಸ್ಪ್ರಿಂಗ್ ಬಿಡುವುದು. ಅಪ್ಪ ಹೀಗೆ ಎಷ್ಟು ಸಾವಿರ ಬೆಳಗು ಮುಳ್ಳು ನೋಡುತ್ತಾ ಕೂತಿದ್ದನೋ. ಲಿವರ್ ಹೋಯಿತಲ್ಲ ಅಂತ ಕೊರಗುತ್ತಿದ್ದವನು ನಾನು. ಅವನ ಕೈ ಕಾರಿನಲ್ಲಿ ಲಿವರ್ ಹುಡುಕಿದ್ದು ಸುಮ್ನೆ ಅಭ್ಯಾಸಬಲ. ಬಸ್ಸಿನಲ್ಲಿ ಅವನು ಆ ಕೆಲಸವನ್ನು ಕಿವಿಗೆ ಒಪ್ಪಿಸಿ ಎಷ್ಟೋ ವರ್ಷ ಆಗಿತ್ತು.

ಮುಂದಿನ ತಿಂಗಳು ಸುರಪುರಕ್ಕೆ ಹೋದೆವು. ಅವ್ವನ ತವರು. ಗುಡ್ಡಗಳ ನಡುವಿನ ಊರು. ಅಲ್ಲಿ ಗುಡ್ಡದ ಮೇಲೆ 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಇದೆ. ನಾನು ಗಾಡಿ ಕಲಿತದ್ದು ಆ ಊರಿನ ಏರಿನಲ್ಲಿ, ಸೋದರಮಾವನ ಮಾರುತಿ 800ರಲ್ಲಿ. ಅಪ್ಪ ಪಕ್ಕದಲ್ಲಿ. ಪಾಠ ಒಂದೇ: ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲು. ಒಂದನೇ ಗೇರ್. ಕ್ಲಚ್ ಮೆಲ್ಲಗೆ ಬಿಡು. ಗಾಡಿಯ ಮೂತಿ ಸ್ವಲ್ಪ ಎದ್ದಂತೆ ಆಗ್ತದ, ಆಗ ಲಿವರ್ ಇಳಿಸು. ಹೆಬ್ಬೆರಳು ಗುಂಡಿಯ ಮೇಲೆ ಬೆವರುತ್ತಿತ್ತು. ಹಿಂದೆ ಟಂಟಂ ಹಾರ್ನ್ ಹೊಡೆಯುತ್ತಿತ್ತು.

ಈ ಸಲ ಅದೇ ಏರಿನಲ್ಲಿ ಹೊಸ ಕಾರು ನಿಲ್ಲಿಸಿದೆ. ಸ್ವಿಚ್ ಎಳೆದೆ. ಪುಸ್ತಕದ ಪ್ರಕಾರ ಇನ್ನು ನಾನು ಏನೂ ಮಾಡಬೇಕಿಲ್ಲ. ಗೇರ್ ಹಾಕಿ, ಕ್ಲಚ್ ಬಿಡುತ್ತಾ ಎಕ್ಸಲರೇಟರ್ ಕೊಟ್ಟರೆ ಬ್ರೇಕ್ ತಾನೇ ಬಿಡುತ್ತದೆ. ಕೊಟ್ಟೆ. ಬಿಡಲಿಲ್ಲ. ಎಂಜಿನ್ ಒದ್ದಾಡಿ ಬಂದ್ ಆಯಿತು. ಮತ್ತೊಮ್ಮೆ. ಮತ್ತೆ ಬಂದ್. ಹಿಂದೆ ಹಾರ್ನ್ ಶುರು. ಮೂವತ್ತು ವರ್ಷದ ಹಿಂದಿನ ಬೆವರು ಅದೇ ಜಾಗದಲ್ಲಿ ಮತ್ತೆ ಬಂತು. ಅಪ್ಪ ಮುಂದೆ ನೋಡುತ್ತಲೇ "ಬೆಲ್ಟ್" ಅಂದ.

ಎದುರು ಬಂದ ಗಾಡಿಗೆ ದಾರಿ ಬಿಡಲು ಸ್ವಲ್ಪ ಹಿಂದೆ ಸರಿಸಿದ್ದೆ. ಕತ್ತು ಹೊರಳಿಸಿ ನೋಡಲು ಸೀಟ್ ಬೆಲ್ಟ್ ತೆಗೆದಿದ್ದೆ. ಬೆಲ್ಟ್ ಹಾಕಿರಬೇಕು, ಡ್ರೈವರ್ ಬಾಗಿಲು ಮುಚ್ಚಿರಬೇಕು. ಆಗಲೇ ಈ ಕಾರು ತಾನಾಗಿ ಬ್ರೇಕ್ ಬಿಡುವುದು. ಇಲ್ಲದಿದ್ದರೆ ಡ್ರೈವರ್ ಇಳಿಯುತ್ತಿದ್ದಾನೆ ಅಂತ ಅದರ ಲೆಕ್ಕ. ಲೆಕ್ಕ ಸರಿಯೇ. ಮಕ್ಕಳು ಕೂತು ಪೆಡಲ್ ತುಳಿದರೆ ಗಾಡಿ ಹೋಗಬಾರದಲ್ವಾ? ಆದರೆ ಅಪ್ಪನಿಗೆ ಅದು ಹೇಗೆ ಹೊಳೆಯಿತು? ಕೇಳಿದೆ. "ಡಬ್ಬ್ಯಾಗ ಕೆಂಪು ಲೈಟ್ ಟಿಣ್ ಟಿಣ್ ಅನ್ಲತ್ತದ, ನಿನಗ ಕಾಣವಲ್ದೇನು?" ನಾನು ಕೈಯನ್ನು ಕೇಳುತ್ತಾ ಕೂತಿದ್ದೆ, ಅವನು ಲೈಟ್ ನೋಡುತ್ತಿದ್ದ.

ಬೆಲ್ಟ್ ಹಾಕಿದ ಮೇಲೆ ಗಾಡಿ ಬೆಣ್ಣೆಯಂತೆ ಏರಿತು. ಒಂದಿಂಚು ಹಿಂದೆ ಜಾರಲಿಲ್ಲ. ಅದನ್ನು ಒಪ್ಪಿಕೊಳ್ಳಲೇಬೇಕು.

ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ, ಆಟೋ ಹೋಲ್ಡ್. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಜಗತ್ ಸರ್ಕಲ್ ಸಿಗ್ನಲ್‌ನಲ್ಲಿ ಬ್ರೇಕ್ ತುಳಿದು ನಿಂತು ಕಾಲು ತೆಗೆದರೂ ಗಾಡಿ ನಿಂತೇ ಇರುತ್ತದೆ. ಹಿಡಿದಿರುವುದು ಮೋಟಾರ್ ಅಲ್ಲ, ಬ್ರೇಕ್ ಎಣ್ಣೆಯ ಒತ್ತಡ, ನಾಲ್ಕೂ ಗಾಲಿಗೆ. ಅದು ಸ್ವಲ್ಪ ಹೊತ್ತಿನ ಕೆಲಸ. ಜಾಸ್ತಿ ಹೊತ್ತು ನಿಂತರೆ, ಅಥವಾ ಬೆಲ್ಟ್ ತೆಗೆದು ಬಾಗಿಲು ತೆರೆದರೆ, ಕಾರು ಆ ಭಾರವನ್ನು ಪಾರ್ಕಿಂಗ್ ಬ್ರೇಕಿಗೆ ದಾಟಿಸುತ್ತದೆ. ಆದರೂ ಆಟೋ ಹೋಲ್ಡ್ ನಂಬಿ ಇಳಿದು ಹೋಗುವುದು ತಪ್ಪು. ಇಳಿಯುವ ಮುಂಚೆ ಸ್ವಿಚ್ ಎಳೆದು, ಕೆಂಪು ಪಿ ಮಿಣುಕದೆ ನಿಂತಿತಾ ಅಂತ ನೋಡಬೇಕು. ಮಿಣುಕುತ್ತಿದ್ದರೆ ಎಲ್ಲೋ ಯಡವಟ್ಟು ಇದೆ.

ಅಪ್ಪನದು ಇನ್ನೊಂದು ಪ್ರಶ್ನೆ ಇತ್ತು. "ಓಡಾಗ ಕಾಲಿಂದು ಫೇಲ್ ಆದ್ರ?" ಹಳೆಯ ಲಿವರ್ ಇದ್ದರೆ ಮೆಲ್ಲಗೆ ಎಳೆಯುತ್ತಾ ಹೋಗಬಹುದಿತ್ತು. ಗಡಬಡಿಸಿ ಎಳೆದರೆ ಹಿಂದಿನ ಗಾಲಿ ಕಟ್ಟಿ ಗಾಡಿ ತಿರುಗುತ್ತಿತ್ತು. ಇಲ್ಲಿ ಸ್ವಿಚ್ಚನ್ನು ಎಳೆದೇ ಹಿಡಿಯಬೇಕು. ರಿಂಗ್ ರೋಡಿನ ಆಚೆ, ಇನ್ನೂ ಮನೆ ಏಳದ ಒಂದು ಲೇಔಟಿನಲ್ಲಿ, ಬೆಳಿಗ್ಗೆ ಯಾರೂ ಇಲ್ಲದಾಗ ಇಪ್ಪತ್ತರ ವೇಗದಲ್ಲಿ ಮಾಡಿ ನೋಡಿದೆವು. ಪೀಂ ಅಂತ ಕೂಗುತ್ತಾ, ಮೂಗು ತಗ್ಗಿಸಿ, ನೆಟ್ಟಗೆ ನಿಂತಿತು. ಬೆರಳು ಬಿಟ್ಟಿದ್ದರೆ ಬ್ರೇಕೂ ಬಿಡುತ್ತಿತ್ತು. ಕಂಪ್ಯೂಟರ್ ಮೊದಲು ಎಣ್ಣೆಯ ಒತ್ತಡದಿಂದ ನಾಲ್ಕೂ ಗಾಲಿ ಹಿಡಿಯುತ್ತದೆ. ಅದು ಆಗದಿದ್ದರೆ ಹಿಂದಿನ ಮೋಟಾರ್‌ಗಳ ಕಡೆ ಹೋಗುತ್ತದೆ. ಅಪ್ಪ ಹಿಂದೆ ತಿರುಗಿ ರಸ್ತೆಯ ಮೇಲೆ ಟೈರಿನ ಗುರುತು ಬಿದ್ದಿದೆಯಾ ಅಂತ ಹುಡುಕಿದ. ಬಿದ್ದಿರಲಿಲ್ಲ. "ಚೊಲೋ ಅದ" ಅಂದ. ಅವನ ಬಾಯಿಂದ ಈ ಕಾರಿಗೆ ಬಂದ ಮೊದಲ ಹೊಗಳಿಕೆ.

ಇಷ್ಟೆಲ್ಲ ಆಗಿ, ಸ್ವಿಚ್ಚಿಗೂ ನನಗೂ ಒಂದು ಸ್ನೇಹ ಕುದುರಿದ ಮೇಲೆ ಮೇ ತಿಂಗಳು ಬಂತು.

ನಮ್ಮ ಮೇ ಬಗ್ಗೆ ಹೇಳುವುದೇ ಬೇಡ. ಕಾರಿನ ಬ್ಯಾಟರಿಗೆ ಚಳಿಗಿಂತ ಬಿಸಿಲು ಜಾಸ್ತಿ ಆಯಸ್ಸು ತಿನ್ನುತ್ತದೆ. ನಾನು ಮೂರು ವಾರ ಊರಲ್ಲಿ ಇರಲಿಲ್ಲ. ಕಾರಿನಲ್ಲಿ ಹಚ್ಚಿದ್ದ ಸಣ್ಣ ಕ್ಯಾಮೆರಾ ದಿನವಿಡೀ ಕರೆಂಟ್ ಹೀರುತ್ತಾ ಇತ್ತು ಅಂತ ಆಮೇಲೆ ತಿಳಿಯಿತು. ವಾಪಸ್ ಬಂದ ದಿನ ಪಕ್ಕದ ಮನೆಯಲ್ಲಿ ಮಾರನೇ ದಿನದ ಕುಬಸಕ್ಕೆ ತಯಾರಿ. ಶಾಮಿಯಾನದ ಗಾಡಿ ಓಣಿಯ ಬಾಯಲ್ಲಿ ಬಂದು ನಿಂತಿದೆ. ನನ್ನ ಕಾರು ಸರಿದರೆ ಮಾತ್ರ ಒಳಗೆ ಬರುತ್ತದೆ.

ಕೀ ಒತ್ತಿದೆ. ಕಾರು ಉಸಿರೆತ್ತಲಿಲ್ಲ. ಕೀಯೊಳಗೆ ಅಡಗಿರುವ ಕಬ್ಬಿಣದ ಕೀ ತೆಗೆದು ಬಾಗಿಲು ತೆರೆದೆ. ಒಂದೂ ಲೈಟ್ ಇಲ್ಲ. ಸ್ವಿಚ್ ಒತ್ತಿದೆ. ಸತ್ತ ಸ್ವಿಚ್.

ಶಾಮಿಯಾನದ ಹುಡುಗರು ನಾಲ್ಕು ಜನ ಬಂದರು. "ನೂಕ್ತೀವಿ ತಗೋರಿ ಅಣ್ಣಾರ." ಗೇರ್ ನ್ಯೂಟ್ರಲ್ ಮಾಡಿದೆ. ನೂಕಿದರು. ಗಾಡಿ ಸ್ಪ್ರಿಂಗ್ ಮೇಲೆ ಓಲಾಡಿತು, ಗಾಲಿ ತಿರುಗಲಿಲ್ಲ.

"ಹ್ಯಾಂಡ್‌ಬ್ರೇಕ್ ತೆಗೀರಿ ಅಣ್ಣಾರ."

"ತೆಗ್ಯಾಕ ಬರಂಗಿಲ್ಲಪ್ಪ. ಬ್ಯಾಟರಿ ಹೋಗ್ಯಾದ."

"ಹ್ಯಾಂಡ್‌ಬ್ರೇಕಿಗೂ ಬ್ಯಾಟರಿಗೂ ಏನ್ ಸಂಬಂಧ್ರಿ? ಸರೀರಿ, ನಾ ತೆಗೀತೀನಿ." ಒಬ್ಬ ತಲೆ ಒಳಗೆ ತೂರಿಸಿ ಸೀಟಿನ ಪಕ್ಕ ಕೈ ಹಾಕಿದ. ಅವನ ಕೈಯೂ ಬಾಟಲಿಯ ಗುಣಿಗೆ ಹೋಗಿ ಬಂತು.

ಕೊನೆಗೆ ಎದುರು ಮನೆಯ ಚಾಚಾ ತಮ್ಮ ಕಾರು ಮೂತಿಗೆ ಮೂತಿ ತಂದು ನಿಲ್ಲಿಸಿದರು. ಜಂಪರ್ ಕೇಬಲ್ ಅವರ ಬಳಿಯೇ ಇತ್ತು. ಕೆಂಪು ಮೊದಲು ನನ್ನ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಅವರ ಪ್ಲಸ್‌ಗೆ. ಕಪ್ಪು ಅವರ ಮೈನಸ್‌ಗೆ, ಕೊನೆಯ ತುದಿ ನನ್ನ ಎಂಜಿನ್‌ನ ಬಣ್ಣ ಇಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ, ಕಿಡಿ ಹಾರಿದರೂ ಅಲ್ಲೇ ಹಾರಲಿ ಅಂತ. ಚಾಚಾ ಐದು ನಿಮಿಷ ಎಂಜಿನ್ ಓಡಿಸಿದರು. ನನ್ನದು ಎರಡನೇ ಸಲಕ್ಕೆ ಎದ್ದಿತು. ಬ್ರೇಕ್ ತುಳಿದು ಸ್ವಿಚ್ ಒತ್ತಿದೆ. ಝುಯ್. ಆ ಸಪ್ಪಳ ಅಷ್ಟು ಹಿತವಾಗಿ ಎಂದೂ ಕೇಳಿರಲಿಲ್ಲ.

ಕಟ್ಟೆಯ ಮೇಲೆ ಕೂತು ಎಲ್ಲ ನೋಡಿದ ಅಪ್ಪ ಆ ಸಂಜೆ ಚಹಾ ಕುಡಿಯುತ್ತಾ ಹೇಳಿದ. "ಬಸ್ಸು ಸತ್ರ ಹಿಡೀತದ. ಗಾಳಿ ಹೋತಂದ್ರ ಸ್ಪ್ರಿಂಗ್ ತಾನೇ ಹಿಡೀಬೇಕು, ಬ್ಯಾರೆ ದಾರಿ ಇಲ್ಲ ಅದಕ್ಕ. ನಿನ್ನ ಕಾರು ಸತ್ರ ಹ್ಯಾಂಗಿತ್ತು ಹಾಂಗೇ ಇರ್ತದ. ಹಿಡದಿದ್ರ ಹಿಡದೇ ಇರ್ತದ. ಬಿಟ್ಟಿದ್ರ ಬಿಟ್ಟೇ ಇರ್ತದ."

ಕಾರಿನ ಪುಸ್ತಕದಲ್ಲಿ ಇಷ್ಟು ಸ್ಪಷ್ಟವಾಗಿ ಎಲ್ಲೂ ಬರೆದಿರಲಿಲ್ಲ. ಹಿಡಿಯಲೂ ಕರೆಂಟ್ ಬೇಕು, ಬಿಡಲೂ ಕರೆಂಟ್ ಬೇಕು. ಈ ಸಲ ಹಿಡಿದಾಗ ಸತ್ತಿತು, ಮರ್ಯಾದೆ ಒಂದು ಹೋಯಿತು. ಬಿಟ್ಟಾಗ ಸತ್ತರೆ? ಸುರಪುರದ ಏರಿನಲ್ಲಿ? ಆಗ ಗೇರು ಮತ್ತು ಕಲ್ಲು, ಎರಡೇ ಗತಿ.

ಒಂದು ಮಾತು ಮರೆತೆ. ನಿಮ್ಮ ಕಾರಿನಲ್ಲೂ ಹೀಗೆ ಕ್ಯಾಲಿಪರ್ ಮೇಲೆ, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗದ ಮೇಲೆ, ಮೋಟಾರ್ ಇದ್ದರೆ, ಹಿಂದಿನ ಪ್ಯಾಡ್ ಬದಲಿಸುವಾಗ ಮೆಕ್ಯಾನಿಕ್ ಮೊದಲು ಸರ್ವಿಸ್ ಮೋಡ್‌ಗೆ ಹಾಕುತ್ತಾನಾ ನೋಡಿ. ಸ್ಕ್ರೂ ಹಿಂದೆ ಸರಿದ ಮೇಲೆಯೇ ಪಿಸ್ಟನ್ ಒಳಗೆ ಹೋಗಬೇಕು. ಹಳೆಯ ರೂಢಿಯಂತೆ ಕ್ಲಾಂಪ್ ಹಚ್ಚಿ ಒತ್ತಿದರೆ ಒಳಗಿನ ಹಲ್ಲು, ಮೋಟಾರ್ ಕೆಡುತ್ತವೆ. ನನ್ನ ಗೆಳೆಯನೊಬ್ಬನ ಗಾಡಿಗೆ ಹಾಗೆ ಆಯಿತು. ಪ್ಯಾಡ್‌ಗೆ ಅಂತ ಹೋದವನು ಇಡೀ ಕ್ಯಾಲಿಪರ್‌ಗೆ ದುಡ್ಡು ಕಟ್ಟಿ ಬಂದ.

ಕ್ಯಾಮೆರಾ ತೆಗೆಸಿದೆ. ಜಂಪರ್ ಕೇಬಲ್ ಕೊಂಡೆ. ಊರಿಗೆ ಹೋದರೆ ವಾರಕ್ಕೊಮ್ಮೆ ಗಾಡಿ ಓಡಿಸಲು ಚಾಚಾರ ಮಗನಿಗೆ ಕೀ ಕೊಟ್ಟು ಹೋಗುತ್ತೇನೆ.

ಹೋದ ಭಾನುವಾರ ಬೀದರ್‌ಗೆ ಹೋಗಿದ್ದೆವು. ಝರಣಿ ನರಸಿಂಹನ ದರ್ಶನಕ್ಕೆ. ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆಯಲು ಅಪ್ಪನಿಗೆ ಈಗ ಆಗುವುದಿಲ್ಲ, ಹೊರಗೇ ಕೂರುತ್ತೇನೆ ಅಂದ. ನೆರಳು ಹುಡುಕಿ ಸ್ವಲ್ಪ ಇಳಿಜಾರಿನಲ್ಲಿ ಕಾರು ನಿಲ್ಲಿಸಿದೆ. ರೇಡಿಯೋ ಬಂದ್ ಮಾಡಿದೆ, ಎಸಿಯ ಫ್ಯಾನ್ ಬಂದ್ ಮಾಡಿದೆ. ಇದು ನನಗೇ ಗೊತ್ತಿಲ್ಲದೆ ಬಂದ ಚಟ. ಸ್ವಿಚ್ ಎಳೆದೆ. ಝುಯ್. ಕೆಂಪು ಪಿ.

ಅಪ್ಪ ಬಾಗಿಲ ಹಿಡಿಕೆಗೆ ಕೈ ಇಟ್ಟು ಕಾಯುತ್ತಿದ್ದವನು "ಹಿಡೀತು" ಅಂದ. ಇಳಿದು ಹಿಂದೆ ಹೋಗಿ ಡಿಕ್ಕಿಯ ಮೇಲೆ ಎರಡು ಸಲ ತಟ್ಟಿದ. ನಾನು ತೆರೆದೆ. ಪತ್ರಿಕೆ ಬಿಚ್ಚಿ ಫರಸಿ ತುಂಡು ತೆಗೆದು, ಬಗ್ಗಲು ಬರದ ಸೊಂಟ ತೋರಿಸಿ, ನನ್ನ ಕೈಗೆ ಕೊಟ್ಟ.